ಹೊಳೆಯ ಅಗಲ ಮರೆತ ಊರು

ನಮ್ಮ ಮನೆಯ ಪಡಸಾಲೆ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಎರಡು ಗೆರೆ ಇವೆ. ಕೆಳಗಿನದು ನನ್ನ ಮೊಣಕಾಲಿನ ಮಟ್ಟಕ್ಕಿದೆ, ಅದು 2009ರದು. ಮೇಲಿನದು ಎದೆಮಟ್ಟ, ಅದು 2019ರದು. ನೀರು ಇಳಿದ ಮೇಲೆ ಗೋಡೆಗೆ ಅಂಟಿದ್ದ ರಾಡಿಯನ್ನು ಅವ್ವ ತೊಳೆಯುವ ಮೊದಲು ಅಪ್ಪ ಎಳೆದ ಗೆರೆಗಳು. ಈ ಒಂದು ಗೋಡೆ ಕಲ್ಲಿನದು, ಅದಕ್ಕೇ ಉಳಿದಿದೆ. ಹಿಂದಿನ ಮಣ್ಣಿನ ಗೋಡೆಗಳಿಗೆ ಗೆರೆ ಎಳೆಯೋಣ ಅಂದರೆ ಅವು ಈಗ ಇಲ್ಲ.

ನಮ್ಮದು ಗದಗ ಜಿಲ್ಲೆ ರೋಣ ತಾಲೂಕು, ಹೊಳೆಆಲೂರಿನ ಕಡೆಯ ಸಣ್ಣ ಹಳ್ಳಿ. ಊರ ಪಕ್ಕದ ಹೊಳೆ ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಡ್ಯಾಂ ದಾಟಿ, ನರಗುಂದ, ರೋಣ, ಬಾದಾಮಿ ಸೀಮೆಯಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಒಟ್ಟು 304 ಕಿಲೋಮೀಟರ್. ಇದರ ತಲೆ ಇರುವುದು ಸಹ್ಯಾದ್ರಿಯ ಕಾಡಿನಲ್ಲಿ, ಅಲ್ಲಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ನಾವಿರುವುದು ಎರೆ ಭೂಮಿಯಲ್ಲಿ, ಇಲ್ಲಿ ಒಂದು ಹದ ಮಳೆಗೆ ಜನ ಮುಗಿಲು ನೋಡುತ್ತಾ ಕೂರುತ್ತಾರೆ. ಒಂದೇ ಹೊಳೆ, ಆದರೆ ಅದರ ತಲೆಗೆ ಒಂದು ಹವೆ, ಕಾಲಿಗೆ ಇನ್ನೊಂದು.

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು ಎರಡು ಪ್ರಶ್ನೆ ಕೇಳುತ್ತಾರೆ. ನಿಮ್ಮದು ಬರಗಾಲದ ಸೀಮೆ ಅಲ್ವಾ, ಅಲ್ಲಿ ಪ್ರವಾಹ ಹೇಗೆ? ಇನ್ನೊಂದು, ಎರಡು ಸಲ ಮುಳುಗಿದ ಮೇಲೂ ಆ ಜಾಗ ಬಿಟ್ಟು ಯಾಕೆ ಹೋಗಲ್ಲ? ಎರಡಕ್ಕೂ ಬಹಳ ವರ್ಷ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ನನಗೆ ಅನಿಸುವುದು, ನಮ್ಮಲ್ಲಿ ಬರ ಮತ್ತು ಹೊಳೆ ಬೇರೆ ಬೇರೆ ಕಥೆಯಲ್ಲ. ಬರದ ವರ್ಷಗಳೇ ನಮ್ಮನ್ನು ಹೊಳೆಯ ದಾರಿಯಲ್ಲಿ ತಂದು ಕೂರಿಸಿವೆ. ಇದು ಸುಮ್ನೆ ಮಾತಿಗೆ ಹೇಳುತ್ತಿರುವುದಲ್ಲ, ಊರಿನ ಓಣಿಗಳಲ್ಲಿ ಕಣ್ಣಿಗೆ ಕಾಣುತ್ತದೆ.

ಮೊದಲು ಬರದ ಮಾತು. ಈ ಕಡೆಯ ಹಿರಿಯರ ಬಾಯಲ್ಲಿ ಒಂದು ಹಳೆಯ ಬರದ ಮಾತಿದೆ. 1876ರಿಂದ 78ರವರೆಗಿನ ದೊಡ್ಡ ಬರ ಅದು. ಆಗ ನಮ್ಮದು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಧಾರವಾಡ ಮತ್ತು ಪಕ್ಕದ ಕಲಾದಗಿ ಜಿಲ್ಲೆಗಳಲ್ಲಿ ಜನ, ದನ ಲೆಕ್ಕವಿಲ್ಲದಷ್ಟು ಸತ್ತರು, ಉಳಿದವರು ಗುಳೆ ಹೋದರು. ಮುಂದೆ ಹಂಗಾಗಬಾರದು, ಕಾಳು ಬೇಗ ಬಂದು ಮುಟ್ಟಬೇಕು ಅಂತ 1880ರ ದಶಕದಲ್ಲಿ ಈ ಸೀಮೆಗೆ ರೈಲು ತಂದರು. ಗದಗಿನಿಂದ ವಿಜಯಪುರದ ಮೇಲೆ ಸೊಲ್ಲಾಪುರದ ಹತ್ತಿರದ ಹೋಟಗಿಗೆ ಹೋಗುವ ದಾರಿ. ಅದು ಹೊಳೆಆಲೂರಿನ ಮೇಲೆಯೇ ಹಾದು ಹೋಗುತ್ತದೆ. ಎರೆ ನೆಲದಲ್ಲಿ ಹಳಿ ಹಾಸಬೇಕೆಂದರೆ ಮಣ್ಣು ಏರಿಸಿ ಎತ್ತರದ ಏರಿ ಕಟ್ಟಲೇಬೇಕು. ಬರಕ್ಕೆ ಹೆದರಿ ಕಟ್ಟಿದ ಆ ಏರಿಯ ಮೇಲೆಯೇ 2009ರಲ್ಲಿ ನಾವು ಒಂದು ರಾತ್ರಿ ಪೂರ್ತಿ ಕೂತೆವು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆ ಪ್ರವಾಹ ಅನ್ನುವುದಿಲ್ಲ. ‘ಹೊಳಿ ಬಂತು’ ಅನ್ನುತ್ತಾರೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮದುವೆಯಾಗಿ ಈ ಊರಿಗೆ ಬಂದಾಗ ಡ್ಯಾಂ ಇರಲಿಲ್ಲ. ಆಗ ಮಳೆಗಾಲದಲ್ಲಿ ಹೊಳೆ ಬರುವುದು ಪಂಚಮಿ ಬಂದಷ್ಟೇ ಗೊತ್ತಿದ್ದ ಸಂಗತಿಯಂತೆ. ಊರಿನ ಮನೆಗಳೆಲ್ಲ ಹನಮಪ್ಪನ ಗುಡಿಯಿಂದ ಮೇಲೆ, ದಿಬ್ಬದ ಮೇಲೆ. ಗುಡಿಯ ಕೆಳಗೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ಬಣವಿ ಒಟ್ಟಬಹುದು, ಕಣ ಮಾಡಬಹುದು, ಬೇಸಿಗೆಯಲ್ಲಿ ಹೊಳೆಸಾಲಿನಲ್ಲಿ ಬದನೆ, ಸೌತೆ ಹಾಕಬಹುದು, ಅಷ್ಟೇ. ಬರೆದಿಟ್ಟ ಕಾನೂನು ಏನೂ ಇರಲಿಲ್ಲ. ಹೊಳೆ ವರ್ಷಕ್ಕೊಮ್ಮೆ ಬಂದು ತನ್ನ ಜಾಗ ತೋರಿಸಿ ಹೋಗುತ್ತಿತ್ತು, ಜನ ನೋಡುತ್ತಿದ್ದರು. ಆಯಿ ಒಂದು ಮಾತು ಹೇಳುತ್ತಿದ್ದಳು: “ಹೊಳಿ ಅಂದ್ರ ತವರಿಗೆ ಬರೂ ಮಗಳಿದ್ದಂಗ. ಬರ್ತಾಳ, ನಾಕ್ ದಿನ ಇರ್ತಾಳ, ಹೋಗ್ತಾಳ. ಆಕಿ ಕುಂದ್ರೂ ಜಾಗಾ ನೀವು ಹಿಡಕೊಂಡ್ರ ಆಕಿ ಎಲ್ಲಿ ಕುಂದ್ರಬೇಕು?”

1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಡ್ಯಾಂ ಆಯಿತು. ರೇಣುಕಾಸಾಗರ, 37.73 ಟಿಎಂಸಿ ನೀರು ಹಿಡಿಯುವ ಜಲಾಶಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಆ ನೀರಿನಿಂದ ಎಷ್ಟೋ ಊರುಗಳ ಹೊಲಕ್ಕೆ ಕಾಲುವೆ ಬಂತು, ಹುಬ್ಬಳ್ಳಿ ಧಾರವಾಡಕ್ಕೆ ಕುಡಿಯುವ ನೀರು ಹೋಗುತ್ತದೆ. ಡ್ಯಾಂ ಕಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಕೆಳಗಿನ ನಮ್ಮ ಹೊಳೆ ಅಂದಿನಿಂದ ಬೇರೆಯೇ ಆಯಿತು. ಡ್ಯಾಂ ತುಂಬದೆ ನೀರು ಕೆಳಗೆ ಬರುವುದಿಲ್ಲ, ಡ್ಯಾಂ ತುಂಬುವುದೋ ಅಪರೂಪ. ನಾನು ಸಣ್ಣವನಿದ್ದಾಗ ಹೊಳೆ ಅಂದರೆ ನಡುವೆ ಒಂದು ಸಣ್ಣ ಹರಿವು, ಎರಡೂ ಕಡೆ ಉಸುಕು, ಆಮೇಲೆ ಜಾಲಿ ಕಂಟಿ. ನಾವು ಅದರಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಹೊಳೆ ಬರುವುದನ್ನು ನೋಡದೆಯೇ ಒಂದು ಪೀಳಿಗೆ ದೊಡ್ಡದಾಯಿತು.

ಬರದ ವರ್ಷಗಳಲ್ಲಿ ಹೊಳೆಯ ಪಕ್ಕದ ನೆಲಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ಅಲ್ಲಿ ಮಾತ್ರ ತೇವ ಇರುತ್ತದೆ. ಒಬ್ಬರು ಒಂದು ಸಾಲು ಮುಂದೆ ಉತ್ತರು, ಪಕ್ಕದವರು ಎರಡು ಸಾಲು. ಕಬ್ಬು ಹೊಳೆಯೊಳಗೆ ಇಳಿಯಿತು, ಪಂಪ್‌ಸೆಟ್ ಇಳಿಯಿತು, ಉಸುಕು ತೆಗೆದ ಗುಂಡಿಗಳಲ್ಲಿ ಜಾಲಿ ಬೆಳೆದು ಗೋಡೆಯಂತೆ ನಿಂತಿತು. ಊರು ಬೆಳೆದಾಗ ದಿಬ್ಬದ ಮೇಲೆ ಜಾಗ ಸಾಲದೆ ಹನಮಪ್ಪನ ಗುಡಿಯ ಕೆಳಗೆ ಹೊಸ ಓಣಿ ಆಯಿತು. ನಮ್ಮ ಅಪ್ಪ ಮತ್ತು ಕಾಕಾ ಪಾಲಾದಾಗ ಅಪ್ಪನ ಪಾಲಿಗೆ ಬಂದ ಜಾಗವೂ ಅಲ್ಲೇ. ಆಯಿ ಬೇಡ ಅಂದಿದ್ದಳಂತೆ. ಆದರೆ ಇಪ್ಪತ್ತು ವರ್ಷ ನೀರೇ ಕಾಣದ ಹೊಳೆಗೆ ಹೆದರಿ ಯಾರು ಜಾಗ ಬಿಡುತ್ತಾರೆ? ನಾನೇ ಆಗಿದ್ದರೂ ಬಿಡುತ್ತಿರಲಿಲ್ಲ.

2009ರಲ್ಲಿ ನಾನು ಗದಗಿನಲ್ಲಿ ಪಿಯುಸಿ ಓದುತ್ತಿದ್ದೆ. ಆ ವರ್ಷ ಮುಂಗಾರು ಇಡೀ ದೇಶಕ್ಕೇ ಕೈಕೊಟ್ಟಿತ್ತು, ವಾಡಿಕೆಗಿಂತ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಕಡಿಮೆ. ಹೆಸರು ಒಣಗಿ ಕಾಯಿ ಕಟ್ಟಿರಲಿಲ್ಲ. ಸೆಪ್ಟೆಂಬರ್ 28ಕ್ಕೆ ದಸರಾ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತ ಹಿರಿಯರ ಕಾಲು ಮುಟ್ಟಿದೆವು. ಮುಂದಿನ ದಿನಗಳಲ್ಲಿ ಹಸ್ತಾ ಮಳೆ ಹಿಡಿಯಿತು. ಮೊದಲು ಎಲ್ಲರಿಗೂ ಖುಷಿ, ಹಿಂಗಾರಿ ಬಿತ್ತನೆಗೆ ಹದ ಆಯಿತು ಅಂತ. ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ಬಂದಿದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ಆದರೆ ಅದು ನಮ್ಮ ಮುಗಿಲ ಮೇಲೆ ಹಿಂಗೆ ಕೂತುಬಿಡುತ್ತದೆ ಅಂತ ಯಾರು ಅಂದುಕೊಂಡಿದ್ದರು? ಮೂರು ದಿನ ಹಗಲೂ ರಾತ್ರಿ ಸುರಿಯಿತು. ಎರೆ ಭೂಮಿಗೆ ಒಂದು ಗುಣ ಇದೆ. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆಯನ್ನೆಲ್ಲ ಕುಡಿಯುತ್ತದೆ, ಒಮ್ಮೆ ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲೆ ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಬಿದ್ದದ್ದೆಲ್ಲ ಹಳ್ಳಕ್ಕೆ.

ಹಳ್ಳ ಅಂದರೆ ನಮಗೆ ಬೆಣ್ಣಿಹಳ್ಳ. ಹೆಸರಿಗೆ ಹಳ್ಳ, ಬಂದಾಗ ಅದೂ ಹೊಳೆಯೇ. ಹುಬ್ಬಳ್ಳಿ, ನವಲಗುಂದ ಕಡೆಯ ಎರೆ ಹೊಲಗಳ ನೀರನ್ನೆಲ್ಲ ಬಾಚಿಕೊಂಡು ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಸೇರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ದೊಡ್ಡ ಡ್ಯಾಂ ಯಾವುದೂ ಇಲ್ಲ. ಹೊಳೆ ಮೊದಲೇ ತುಂಬಿದ್ದರೆ ಹಳ್ಳದ ನೀರಿಗೆ ಒಳಗೆ ಹೋಗಲು ಜಾಗ ಇರುವುದಿಲ್ಲ, ಹಿಂದಕ್ಕೆ ಸರಿದು ಹೊಲ, ರಸ್ತೆ, ಊರು ಅಂತ ನೋಡದೆ ಹರಡುತ್ತದೆ. ಅವತ್ತು ಸಂಜೆ ನೀರು ಎರೆ ಕಲಸಿಕೊಂಡು ಕಪ್ಪಗೆ ಬಂದಿತ್ತು. ಆಯಿ ಬಾಗಿಲಲ್ಲಿ ನಿಂತು ನೋಡಿ, ಇದು ಹಳ್ಳದ ನೀರು, ರಾತ್ರಿ ಇನ್ನೂ ಏರುತ್ತದೆ, ಏಳಿ ಅಂದಳು. ನಾವೆಲ್ಲ ಬರ ನೋಡಿ ಬೆಳೆದವರು, ನೀರಿನ ಬಣ್ಣ ಓದಲು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಅಪ್ಪ ಮೊದಲು ಮಾಡಿದ್ದು ದನದ ಕಣ್ಣಿ ಬಿಚ್ಚಿದ್ದು. ಎರಡು ಎತ್ತು, ಒಂದು ಎಮ್ಮೆ, ಒಂದು ಕರು. ಅವ್ವ ಒಂದು ಸೀರೆಯಲ್ಲಿ ರೇಷನ್ ಕಾರ್ಡು, ಹೊಲದ ಉತಾರ, ನನ್ನ ಮಾರ್ಕ್ಸ್ ಕಾರ್ಡು ಕಟ್ಟಿದಳು. ಮೊಣಕಾಲು ನೀರಿನಲ್ಲಿ ನಡೆದು ರೈಲು ಏರಿಯ ಮೇಲೆ ಹತ್ತಿದೆವು. ಊರಿನ ಅರ್ಧ ಜನ ಅಲ್ಲೇ ಇದ್ದರು. ಕತ್ತಲಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ, ದನಗಳ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು. ಆಯಿ ಎಮ್ಮೆಯ ಮೈಗೆ ಒರಗಿ ಬೆಳಗಿನವರೆಗೆ ಕೂತಿದ್ದಳು, ಬೆಚ್ಚಗಿರುತ್ತದೆ ಅಂತ.

ನಮ್ಮ ಓಣಿಯಲ್ಲಿ ಜೋಳ ತುಂಬಿದ ಹಗೇವು ಅಂತ ಉಳಿದಿದ್ದು ನಮ್ಮದೊಂದೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹಗೇವು ಅಂದರೆ ನೆಲದಡಿಯ ಕಣಜ. ಆಳು ಮುಳುಗುವಷ್ಟು ಆಳ, ಬಾಯಿ ಮಾತ್ರ ಸಣ್ಣದು. ಒಳಗೆ ಸುತ್ತ ಹುಲ್ಲು ಹಾಸಿ ಜೋಳ ಸುರಿದು, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತುತ್ತಾರೆ. ಎರಡು ಮೂರು ವರ್ಷದ ಬರ ಬಂದರೂ ಮನೆ ತಡೆಯಬೇಕು ಅಂತ ಹಿರಿಯರು ಮಾಡಿಕೊಂಡ ಉಪಾಯ. ನೀರು ಇಳಿದು ವಾರದ ಮೇಲೆ ಅಪ್ಪ ಅದರ ಬಾಯಿ ತೆಗೆದಾಗ ಬಂದ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಜೋಳ ಉಬ್ಬಿ, ಹುಳಿತು, ಬಿಸಿಯಾಗಿತ್ತು. ದನ ಕೂಡ ಮೂಸಲಿಲ್ಲ. ಅಪ್ಪ ಅದನ್ನು ಬುಟ್ಟಿ ಬುಟ್ಟಿ ತೆಗೆದು ತಿಪ್ಪೆಗೆ ಹಾಕಿದರು, ಆಮೇಲೆ ಹಗೇವು ತುಂಬಲೇ ಇಲ್ಲ, ಮಣ್ಣು ಹಾಕಿ ಮುಚ್ಚಿದರು.

ಆ ಸಲ ರಾಜ್ಯದಲ್ಲಿ 200ಕ್ಕಿಂತ ಜಾಸ್ತಿ ಜನ ಸತ್ತರು. ಅತ್ತ ತುಂಗಭದ್ರೆ ಮಂತ್ರಾಲಯಕ್ಕೇ ನುಗ್ಗಿದ್ದಳು. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುವ ಹಬ್ಬ ನಮ್ಮದು. ಅವತ್ತು ಚೆಲ್ಲಲು ಹೊಲ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ, ಬದುಗಳೆಲ್ಲ ಕೊಚ್ಚಿಹೋಗಿದ್ದವು.

ಆಮೇಲೆ ಬಂದದ್ದು ಆಸರೆ ಮನೆಗಳು. ಮುಳುಗುವ ಊರುಗಳನ್ನು ಎತ್ತರದ ಜಾಗಕ್ಕೆ ಸಾಗಿಸುವ ಯೋಜನೆ. ಸರ್ಕಾರ ಜಾಗ ಕೊಟ್ಟಿತು, ಎಷ್ಟೋ ಕಡೆ ದಾನಿಗಳು ಮನೆ ಕಟ್ಟಿಸಿದರು. ನಮ್ಮೂರಿನದು ಮಡ್ಡಿಯ ಮೇಲೆ, ಹಳೆಯ ಊರಿಂದ ಎರಡು ಕಿಲೋಮೀಟರ್. ಜನ ಅದನ್ನು ನವಗ್ರಾಮ ಅನ್ನುತ್ತಾರೆ. ದಾನ ಕೊಟ್ಟವರ ಮನಸ್ಸು ದೊಡ್ಡದು, ಅವರನ್ನು ನಾವು ಮರೆತಿಲ್ಲ. ಆದರೆ ಆ ಮನೆಗಳನ್ನು ನೋಡಿದವರಿಗೆ ಜನ ಯಾಕೆ ಹೋಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಎರಡು ಸಣ್ಣ ಕೋಣೆ, ಮುಂದೆ ಒಂದು ಗೇಣು ಜಾಗ. ಎತ್ತು ಎಲ್ಲಿ ಕಟ್ಟಬೇಕು? ಬಣವಿ ಎಲ್ಲಿ ಒಟ್ಟಬೇಕು? ಗಳೆ, ಕುಂಟೆ, ಕೂರಿಗೆ, ಚಕ್ಕಡಿ ಎಲ್ಲಿಡಬೇಕು? ಒಕ್ಕಲುತನದ ಮನೆ ಅಂದರೆ ಮಲಗುವ ಕೋಣೆ ಮಾತ್ರ ಅಲ್ವಲ್ಲ. ನಮ್ಮ ಕಡೆ ಮನೆಯೊಳಗೆ ಕಾಲಿಟ್ಟರೆ ಮೊದಲು ಸಿಗುವುದೇ ದನದ ಹಕ್ಕಿ, ಅಂದರೆ ದನ ಕಟ್ಟುವ ಜಾಗ, ಅದನ್ನು ದಾಟಿ ಪಡಸಾಲೆ. ಒಂದೇ ಒಲೆಯಲ್ಲಿ ಉಣ್ಣುವ ಮೂವರು ಅಣ್ಣತಮ್ಮಂದಿರಿದ್ದರೆ ಎಣಿಕೆಗೆ ಅದು ಒಂದೇ ಮನೆ. ಹೊಲ ಹೊಳೆಸಾಲಿನಲ್ಲಿ, ಮನೆ ಮಡ್ಡಿಯ ಮೇಲೆ. ನೀರಿನ ನಳ ಬರಲು ಬಹಳ ತಡವಾಯಿತು. ಹೋದವರಲ್ಲೂ ಅರ್ಧ ಜನ ತಿರುಗಿ ಬಂದರು. ಬೀಗ ಹಾಕಿದ ಮನೆಗಳ ಸುತ್ತ ಜಾಲಿ ಬೆಳೆಯಿತು, ಕೆಲವು ಮನೆಯ ಕಿಟಕಿಯೊಳಗಿಂದಲೇ ಜಾಲಿಯ ಟೊಂಗೆ ಹೊರಗೆ ಚಾಚಿತ್ತು. ನಮಗೆ ಸಿಕ್ಕ ಮನೆಯೂ ಅಂಥದ್ದೇ ಒಂದು.

ಅಪ್ಪ ಅಲ್ಲಿಗೆ ಹೋಗಲು ಒಪ್ಪದಿದ್ದಾಗ ನಾನು ಬಹಳ ಜಗಳ ಮಾಡಿದ್ದೆ. ಓದಿದ ಮಗನ ಮಾತಿಗೆ ಬೆಲೆ ಇಲ್ವಾ ಅಂತ ಕೇಳಿದ್ದೆ. ಅಪ್ಪ ಏನೂ ಹೇಳಲಿಲ್ಲ. ಬಿದ್ದ ಗೋಡೆ ಮತ್ತೆ ಕಟ್ಟಿದರು.

ಅದಾದ ಮೇಲೆ ಮತ್ತೆ ಬರ. ಇದನ್ನು ಹೊರಗಿನವರು ಗಮನಿಸುವುದಿಲ್ಲ. 2015ರಲ್ಲಿ ನರಗುಂದ, ನವಲಗುಂದದಲ್ಲಿ ಮಹದಾಯಿ ನೀರಿಗಾಗಿ, ಅದರ ಹಳ್ಳಗಳಾದ ಕಳಸಾ ಬಂಡೂರಿಗಾಗಿ ಹೋರಾಟ ಶುರುವಾಯಿತು. ನೀರಿನ ಹೋರಾಟ ಈ ನೆಲಕ್ಕೆ ಹೊಸದಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತ್ತು, ಆ ದಿನವನ್ನು ಇವತ್ತಿಗೂ ರೈತ ಹುತಾತ್ಮ ದಿನ ಅಂತ ಮಾಡುತ್ತಾರೆ. ಆಗಸ್ಟ್ 2018ರಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಬಂತು, ಮಲಪ್ರಭೆಗೆ ತಿರುಗಿಸಿಕೊಳ್ಳಲು ಸಿಕ್ಕಿದ್ದು 3.9 ಟಿಎಂಸಿ. ಅಷ್ಟಾದರೂ ಸಿಕ್ಕಿತಲ್ಲ ಅಂದವರಿದ್ದರು, ಇಷ್ಟೇನಾ ಅಂತ ಅತ್ತವರೂ ಇದ್ದರು. ಅದಾಗಿ ಸರಿಯಾಗಿ ಒಂದು ವರ್ಷಕ್ಕೆ, ಆಗಸ್ಟ್ 2019ರಲ್ಲಿ, ಅದೇ ಹೊಳೆ ಅದೇ ಊರುಗಳನ್ನು ಮುಳುಗಿಸಿತು.

2019ರ ಪಂಚಮಿ ಆಗಸ್ಟ್ 5ಕ್ಕೆ. ಉತ್ತರ ಕರ್ನಾಟಕದಲ್ಲಿ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ನಮ್ಮ ಇಬ್ಬರು ಅಕ್ಕಂದಿರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮನೆ ತುಂಬ ಜನ, ಜಂತಿಗೆ ಜೋಕಾಲಿ, ಡಬ್ಬಿ ತುಂಬ ಶೇಂಗಾ ಉಂಡಿ, ರವೆ ಉಂಡಿ, ತಂಬಿಟ್ಟು. ಆಶ್ಲೇಷಾ ಮಳೆ, ನಮ್ಮಲ್ಲಿ ಬರೀ ಜಿಟಿಜಿಟಿ. ಕೊಡೆ ಇಲ್ಲದೆ ಓಡಾಡಬಹುದಾದ ಮಳೆ. ಆದರೆ ಮೇಲೆ ಖಾನಾಪುರದ ಕಾಡಿನಲ್ಲಿ ಮುಗಿಲೇ ಹರಿದಿತ್ತು. ಡ್ಯಾಂ ತುಂಬಿತು ಅಂದಾಗ ಮೊದಲು ಎಲ್ಲರೂ ಕುಣಿದರು. ಯಾಕೆ ಕುಣಿಯಬಾರದು? ಎಷ್ಟು ವರ್ಷದಿಂದ ಕಾದಿದ್ದರು!

ಆಮೇಲೆ ವಾಟ್ಸಾಪ್‌ನಲ್ಲಿ ಕ್ಯೂಸೆಕ್ ಲೆಕ್ಕ ಬರಲು ಶುರುವಾಯಿತು. ಇಷ್ಟು ಸಾವಿರ ಬಿಟ್ಟರು, ಈಗ ಇಷ್ಟಕ್ಕೆ ಏರಿಸಿದರು. ನಾನು ಬೆಂಗಳೂರಿನಿಂದ ಫೋನ್ ಮೇಲೆ ಫೋನ್ ಮಾಡಿ ಅಪ್ಪನಿಗೆ ಆ ಅಂಕಿಗಳನ್ನು ಓದಿ ಹೇಳುತ್ತಿದ್ದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಕ್ಯೂಸೆಕ್ ಅಂದ್ರ ಎಷ್ಟಾರ ಇರವಲ್ದು. ಹನಮಪ್ಪನ ಕಟ್ಟಿಗೆ ನೀರು ಬರತೈತೋ ಇಲ್ಲೋ, ಅದನ್ನ ಹೇಳು.” ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರ ಹತ್ತಿರವೂ ಇರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ನಾವು ನೀರು ತರುವ ಪ್ಲಾಸ್ಟಿಕ್ ಕೊಡದ ಲೆಕ್ಕದಲ್ಲಿ ಎರಡು ಕೊಡ. 50 ಸಾವಿರ ಕ್ಯೂಸೆಕ್ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಲಕ್ಷ ಕೊಡ ನಮ್ಮೂರ ಮುಂದೆ ಹಾದುಹೋಗಬೇಕು. ಒಂದು ದಿನ ಪೂರ್ತಿ ಹಾಗೇ ಹರಿದರೆ 4.3 ಟಿಎಂಸಿ. ನ್ಯಾಯಮಂಡಳಿಯಿಂದ ಇಡೀ ವರ್ಷಕ್ಕೆ ಸಿಕ್ಕ ನೀರಿಗಿಂತ ಜಾಸ್ತಿ, ಒಂದೇ ದಿನದಲ್ಲಿ. ಇಷ್ಟು ಲೆಕ್ಕ ಯಾರು ಬೇಕಾದರೂ ಮಾಡಬಹುದು. ಆದರೆ ಆ ನೀರು ನಮ್ಮ ಓಣಿಯಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ ಅನ್ನುವುದು ಹೊಳೆಯ ಅಗಲದ ಮೇಲೆ ನಿಂತಿದೆ. ಅಗಲ ಕಡಿಮೆಯಾದರೆ ಅದೇ ನೀರು ಎತ್ತರಕ್ಕೆ ಏರಲೇಬೇಕು, ಇನ್ನೆಲ್ಲಿಗೆ ಹೋಗುತ್ತದೆ? ಕಬ್ಬು, ಜಾಲಿ, ಹೂಳು, ಹೊಸ ಓಣಿ ಎಲ್ಲ ಸೇರಿ ಹೊಳೆಯನ್ನು ಒತ್ತಿ ಹಿಡಿದಿದ್ದವು. ಹಿಂದೆ ಹೊಲದಲ್ಲಿ ಹರಡಿಕೊಂಡು ಮೆಲ್ಲಗೆ ಹೋಗುತ್ತಿದ್ದ ನೀರು ಈ ಸಲ ಓಣಿಯಲ್ಲಿ ನಿಂತು ಏರಿತು.

ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯೇ ಬಂದ್ ಆಯಿತು. ಲಖಮಾಪುರ ನಡುಗಡ್ಡೆ ಆಯಿತು. ಹೊಳೆಆಲೂರಿಗೆ ನೀರು ನುಗ್ಗಿತು. ಕೆಳಗೆ ಪಟ್ಟದಕಲ್ಲಿನ ಗುಡಿಗಳ ಆವರಣದಲ್ಲಿ ನೀರು ನಿಂತ ಚಿತ್ರ ಎಲ್ಲರೂ ಟಿವಿಯಲ್ಲಿ ನೋಡಿರುತ್ತೀರಿ. ಸಾವಿರದ ಇನ್ನೂರು ವರ್ಷಕ್ಕಿಂತ ಹಳೆಯ ಗುಡಿಗಳು ಅವು, ಅದಕ್ಕೇ ಕ್ಯಾಮೆರಾಗಳೆಲ್ಲ ಅತ್ತ ಹೋದವು. ನಮ್ಮಂಥ ಊರಿಗೆ ಯಾರೂ ಬರಲಿಲ್ಲ, ಬರಲು ದಾರಿಯೂ ಇರಲಿಲ್ಲ ಬಿಡಿ.

ಅಣ್ಣ ಟ್ರ್ಯಾಕ್ಟರ್‌ನಲ್ಲಿ ಎಲ್ಲರನ್ನೂ ಮಡ್ಡಿಗೆ ಸಾಗಿಸಿದ. ಅವ್ವ ಈ ಸಲ ಕಾಗದಗಳ ಜೊತೆ ಉಂಡಿ ಡಬ್ಬಿ ಹಿಡಿದುಕೊಂಡಿದ್ದಳು. ನವಗ್ರಾಮದ ಶಾಲೆಯಲ್ಲಿ ಪರಿಹಾರ ಕೇಂದ್ರ ಆಗುವವರೆಗೆ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಓಣಿಯ ಮಕ್ಕಳೆಲ್ಲ ತಿಂದದ್ದು ಆ ಪಂಚಮಿ ಉಂಡಿಗಳನ್ನೇ. ನಮ್ಮ ಮನೆಯವು ಮಾತ್ರ ಅಲ್ಲ, ಹಬ್ಬ ಆಗಿದ್ದರಿಂದ ಪ್ರತಿ ಮನೆಯವರೂ ಒಂದೊಂದು ಡಬ್ಬಿ ತಂದಿದ್ದರು.

ಮಣ್ಣಿನ ಮನೆಯ ವಿಷಯ ಒಂದು ಹೇಳಲೇಬೇಕು. ನೀರು ಬಂದ ದಿನ ಅದು ಬೀಳುವುದು ಕಡಿಮೆ. ಗೋಡೆಯ ಬುಡ ನೀರು ಕುಡಿದು ಮೆತ್ತಗಾಗಿರುತ್ತದೆ, ಮೇಲೆ ಮೇಲ್ಮುದ್ದೆಯ ಮಣ್ಣಿನ ಭಾರ. ನೀರು ಇಳಿದು ಎರಡು ಮೂರು ದಿನದ ಮೇಲೆ, ಬಿಸಿಲು ಬಿದ್ದು, ಜನ ಖುಷಿಯಿಂದ ಒಳಗೆ ಹೋಗಿ ಕಸ ಬಳಿಯುತ್ತಿರುವಾಗ ಒಮ್ಮೆಲೇ ಕುಸಿಯುತ್ತದೆ. ನಮ್ಮ ಹಿಂದಿನ ಗೋಡೆ ಬಿದ್ದದ್ದು ಹಾಗೆಯೇ, ನೀರು ಇಳಿದ ನಾಲ್ಕನೇ ರಾತ್ರಿ. ವೈನಿ, ಅಂದರೆ ಅಣ್ಣನ ಹೆಂಡತಿ, ಅದೇ ಗೋಡೆಗೆ ಹೊಂದಿಸಿ ಹಾಸಿಗೆ ಹಾಕಿದ್ದರು, ಸೆಕೆ ಅಂತ ಮಗುವನ್ನು ಎತ್ತಿಕೊಂಡು ಕಟ್ಟೆಗೆ ಬಂದು ಮಲಗಿದ್ದರಿಂದ ಉಳಿದರು. ನೆರೆ ಇಳಿದ ಮೇಲೆ ವಾರವಾದರೂ ಮಣ್ಣಿನ ಗೋಡೆಯ ಹತ್ತಿರ ಮಲಗಬೇಡಿ. ಈ ಮಾತನ್ನು ಪರಿಹಾರ ಕೇಂದ್ರದಲ್ಲಿ ಊಟದ ಜೊತೆ ಹೇಳಿ ಕಳಿಸಬೇಕು ಅಂತ ನನ್ನ ಆಸೆ.

ಅಕ್ಟೋಬರ್‌ನಲ್ಲಿ ಚಿತ್ತಿ ಮಳೆಗೆ ಮತ್ತೆ ಹೊಳೆ ಬಂತು, ದೀಪಾವಳಿಗೆ ವಾರವಿದ್ದಾಗ. ಆಗಸ್ಟ್ ಹೊಳೆ ಹೆಸರನ್ನೂ ಗೋವಿನಜೋಳವನ್ನೂ ಒಯ್ದಿತ್ತು, ಇದು ಹಿಂಗಾರಿಗೆ ಬಿತ್ತಿದ ಕಡಲೆ, ಬಿಳಿಜೋಳ ಒಯ್ದಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು, ತುರ್ತಿಗೆ 10 ಸಾವಿರ. ಎ, ಬಿ, ಸಿ ಅಂತ ವರ್ಗ ಮಾಡಿದರು. ಪಂಚನಾಮೆಗೆ ಬಂದವರು ನಮ್ಮ ಮನೆಯ ಮುಂದೆ ನಿಂತು ಕಲ್ಲಿನ ಪಡಸಾಲೆ ನೋಡಿದರು, ಹಿಂದೆ ಬರಲಿಲ್ಲ. ಕಡೆಗೆ ಸಿಕ್ಕಿದ್ದರಲ್ಲಿ ತಗಡು ಹಾಕಿಸಿದೆವು. ಇದನ್ನು ಎಳೆಯಲು ನನಗೆ ಮನಸ್ಸಿಲ್ಲ, ಎಲ್ಲ ನೆರೆ ಊರಿನ ಕಥೆಯೂ ಇದೇ.

ನಮ್ಮ ರಾಜ್ಯದಲ್ಲಿ 1988ರಲ್ಲಿ ಬರ ನೋಡಿಕೊಳ್ಳಲು ಅಂತಲೇ ಒಂದು ಕೇಂದ್ರ ಮಾಡಿದರು, ದೇಶದಲ್ಲೇ ಮೊದಲನೆಯದು. 2007ರಲ್ಲಿ ಅದು ನೆರೆ, ಸಿಡಿಲು, ಭೂಕಂಪ ಎಲ್ಲವನ್ನೂ ನೋಡುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಯಿತು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ತಾನಾಗಿ ಮಳೆ ಅಳೆದು ಕಳಿಸುವ ಮಾಪಕಗಳಿವೆ. ಮೊಬೈಲ್‌ನಲ್ಲಿ ಮಳೆ, ಡ್ಯಾಂ ಮಟ್ಟ ಎಲ್ಲ ಸಿಗುತ್ತದೆ. ಕೊನೆಯ ಒಂದು ಗೇಣು ಮಾತ್ರ ಇನ್ನೂ ಬಾಕಿ ಇದೆ. ಡ್ಯಾಂನಿಂದ ಇಷ್ಟು ಬಿಟ್ಟರೆ ಈ ಊರಿನ ಈ ಕಟ್ಟೆಗೆ ನೀರು ಬರುತ್ತದೆ, ಇಷ್ಟಕ್ಕೆ ಶಾಲೆಯ ಮೆಟ್ಟಿಲಿಗೆ, ಇಷ್ಟಕ್ಕೆ ಊರ ಅಗಸಿ ಬಾಗಿಲಿಗೆ ಅಂತ ಊರ ಒಂದು ಕಂಬದ ಮೇಲೆ ಬಣ್ಣದಲ್ಲಿ ಬರೆಯಬೇಕು. 2009, 2019ರ ಗೆರೆಗಳು ಪ್ರತಿ ಓಣಿಯ ಗೋಡೆಯಲ್ಲಿವೆ, ಆ ದಿನಗಳಲ್ಲಿ ಬಿಟ್ಟ ನೀರಿನ ಲೆಕ್ಕ ದಾಖಲೆಗಳಲ್ಲಿ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಪ್ಪನ ಪ್ರಶ್ನೆಗೆ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಉತ್ತರ ಸಿಗುತ್ತದೆ. ನಾನು ರಜೆಗೆ ಹೋದಾಗಲೆಲ್ಲ ಅಳತೆ ಪಟ್ಟಿ ಹಿಡಿದು ಒಂದೊಂದು ಓಣಿಯ ಗೆರೆ ಅಳೆದು ಬರೆಯುತ್ತಿದ್ದೇನೆ. ಈವರೆಗೆ 31 ಮನೆ ಆಗಿದೆ. ಎಷ್ಟೋ ಮನೆಯಲ್ಲಿ ಸುಣ್ಣ ಬಳಿದು ಗೆರೆ ಹೋಗಿದೆ, ಅಲ್ಲೆಲ್ಲ ಹೆಂಗಸರನ್ನು ಕೇಳಬೇಕು. ಗಂಡಸರು ಎದೆಮಟ್ಟ, ತಲೆಮಟ್ಟ ಅನ್ನುತ್ತಾರೆ. ಹೆಂಗಸರು ಗೋಡೆಯ ಮಾಡದ, ಅಂದರೆ ಗೂಡಿನ, ಎಷ್ಟನೇ ಕಲ್ಲಿಗೆ ಬಂದಿತ್ತು, ಯಾವ ಡಬ್ಬಿ ತೇಲಿತು, ಯಾವುದು ತೇಲಲಿಲ್ಲ ಅಂತ ಕರಾರುವಾಕ್ಕಾಗಿ ಹೇಳುತ್ತಾರೆ.

ಹೊಳೆಯ ಹಳೆಯ ಅಗಲ ಅಳೆದು ಕಲ್ಲು ನೆಡಬೇಕು, ಜಾಲಿ ತೆಗೆಯಬೇಕು, ಒತ್ತುವರಿ ಬಿಡಿಸಬೇಕು ಅಂತ ಹೇಳುವುದು ನನಗೆ ಸುಲಭ. ಆ ಒತ್ತುವರಿಯಲ್ಲಿ ನಮ್ಮದೂ ಎರಡು ಸಾಲು ಕಬ್ಬು ಇತ್ತು. ಅಣ್ಣ ಹೋದ ವರ್ಷ ಅದನ್ನು ಬಿಟ್ಟ. ಪಕ್ಕದವರು ಬಿಟ್ಟಿಲ್ಲ. ಅವರಿಗೆ ಇರುವುದೇ ಮುಕ್ಕಾಲು ಎಕರೆ, ಅದರಲ್ಲಿ ಹೊಳೆಗೆ ಇಳಿದ ಪಾಲೇ ಹೆಚ್ಚು. ಅವರಿಗೆ ಬೇರೆ ಕಡೆ ನೆಲ ತೋರಿಸದೆ ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮನೆಯ ವಿಷಯಕ್ಕೆ ಬಂದರೆ, ನಾವು ಒಂದು ಕೆಲಸ ಮಾಡಿದೆವು. ಇದು ಅಣ್ಣನ ಉಪಾಯ. ನವಗ್ರಾಮದ ನಮ್ಮ ಮನೆಯ ಸುತ್ತ ಜಾಲಿ ಕಡಿಸಿ, ಹಿಂದಿನ ಖಾಲಿ ಜಾಗದವರ ಜೊತೆ ಮಾತಾಡಿ, ಮೊದಲು ಒಂದು ತಗಡಿನ ದೊಡ್ಡಿ ಹಾಕಿಸಿದ. ನೆಲಕ್ಕೆ ಕಲ್ಲು ಹಾಸಿ ಗೋದಲಿ ಕಟ್ಟಿಸಿದ. ಪಕ್ಕದಲ್ಲಿ ಬಣವಿಗೆ ಜಾಗ. ಮನುಷ್ಯರ ಕೋಣೆಗೆ ಸುಣ್ಣ ಕೂಡ ಹೊಡೆಸಲಿಲ್ಲ. ಆಶ್ಲೇಷಾ ಮಳೆ ಶುರುವಾಗುವ ಮೊದಲು ಎತ್ತು, ಎಮ್ಮೆಗಳನ್ನು ಅಲ್ಲಿಗೆ ಒಯ್ದು ಕಟ್ಟಿದ. ಅಪ್ಪನಿಗೆ ಬಾ ಅಂತ ಯಾರೂ ಕರೆಯಲಿಲ್ಲ.

ಎರಡನೇ ದಿನ ರಾತ್ರಿ ನಾನು ಫೋನ್ ಮಾಡಿದಾಗ ಅವ್ವ ಎತ್ತಿದಳು. ಅಪ್ಪ ಎಲ್ಲಿ ಅಂದೆ. ಕಂಬಳಿ, ಬ್ಯಾಟರಿ ತಗೊಂಡು ಮಡ್ಡಿಗೆ ಹೋದರು ಅಂದಳು. ಆಮೇಲೆ ಅಪ್ಪನ ಮೊಬೈಲ್‌ಗೇ ಮಾಡಿದೆ. ಹಿಂದೆ ತಗಡಿನ ಮೇಲೆ ಮಳೆಯ ಸದ್ದು.

“ಯಪ್ಪಾ, ಅಲ್ಲೇ ಮಲಗ್ತಿಯೇನು?”

“ದನಾ ಇಲ್ಲೆ ಅದಾವು. ನಾ ಅಲ್ಲಿ ಹೆಂಗ ಮಲಗ್ಲಿ?”

ಆ ಸಲ ಹದಿನಾರು ರಾತ್ರಿ ಅಲ್ಲೇ ಮಲಗಿದರು. ಮಘಾ ಮಳೆ ಬರುವ ಹೊತ್ತಿಗೆ ಅವ್ವನೂ ಒಂದು ಒಲೆ, ಎರಡು ಪಾತ್ರೆ ಸಾಗಿಸಿದ್ದಳು, ಬೆಳಿಗ್ಗೆ ಎಮ್ಮೆ ಹಿಂಡಿದ ಮೇಲೆ ಚಹಾಕ್ಕೆ ಎರಡು ಕಿಲೋಮೀಟರ್ ನಡೆಯುವುದು ಯಾಕೆ ಅಂತ.